ಊರೆಲ್ಲ ಒಂದೇ ಕ್ಷೇತ್ರ

ಚಿಂತಾಮಣಿಯ ಆ ಖಾಸಗಿ ಕಾಲೇಜಿನಲ್ಲಿ ಊಟದ ನಂತರದ ಪೀರಿಯಡ್ಡನ್ನು ಯಾರೂ ಇಷ್ಟಪಟ್ಟು ತೆಗೆದುಕೊಳ್ಳುತ್ತಿರಲಿಲ್ಲ. ರಾಜ್ಯಶಾಸ್ತ್ರದ ಯಾಮಿನಿಗೆ ವರ್ಷವರ್ಷವೂ ಅದೇ ಗಂಟುಬೀಳುತ್ತಿತ್ತು. ಅವತ್ತೂ ಅಷ್ಟೇ. ಬಿ.ಎ. ಕೊನೆಯ ವರ್ಷದ ಹುಡುಗ ಹುಡುಗಿಯರು ಫ್ಯಾನಿನ ಕೆಳಗೆ ತೂಕಡಿಸುತ್ತಿದ್ದರು. ಅವಳು ಬೋರ್ಡಿನ ಮೇಲೆ ಅಂಕುಡೊಂಕಾದ ಒಂದು ಆಯತ ಬರೆದು ಅದರೊಳಗೆ ಪೆನ್ಸಿಲ್ವೇನಿಯಾ ಎಂದು ಬರೆದಳು.

ಅಮೆರಿಕದ ಸಂವಿಧಾನ ಆಗತಾನೆ ಜಾರಿಗೆ ಬಂದ ಕಾಲ. ಅವರ ಸಂಸತ್ತಿಗೆ ಪ್ರತಿನಿಧಿಗಳನ್ನು ಹೇಗೆ ಆರಿಸಿ ಕಳಿಸಬೇಕೆನ್ನುವುದನ್ನು ಆಯಾ ರಾಜ್ಯಗಳಿಗೇ ಬಿಟ್ಟಿದ್ದರು. ಕೆಲವು ರಾಜ್ಯಗಳು ತಮ್ಮ ನೆಲವನ್ನು ಕ್ಷೇತ್ರಗಳಾಗಿ ಹಂಚಿಕೊಂಡವು. ಪೆನ್ಸಿಲ್ವೇನಿಯಾ ಹಂಚಿಕೊಳ್ಳಲಿಲ್ಲ. ಇಡೀ ರಾಜ್ಯವೇ ಒಂದು ಕ್ಷೇತ್ರ. ಎಂಟು ಸ್ಥಾನ, ಒಬ್ಬೊಬ್ಬ ಮತದಾರನಿಗೂ ಎಂಟು ಮತ. ಯಾವ ಗುಂಪಿಗೆ ರಾಜ್ಯದಲ್ಲಿ ಜನ ಸ್ವಲ್ಪ ಹೆಚ್ಚೋ ಆ ಗುಂಪಿನ ಪಟ್ಟಿ ಪೂರ್ತಿ ಗೆದ್ದುಕೊಂಡು ಹೋಗಬಹುದು. ಸ್ವಲ್ಪ ಕಡಿಮೆ ಇರುವವರಿಗೆ ಒಂದೂ ಸಿಗದೆ ಹೋಗಬಹುದು.

"ಆದರೆ ಅಲ್ಲೊಂದು ತಮಾಷೆ ಆಯಿತು" ಎಂದಳು ಯಾಮಿನಿ. "ಅಲ್ಲಿ ಜರ್ಮನ್ ಮಾತಾಡುವ ರೈತರು ತುಂಬ ಇದ್ದರು. ಅವರ ಓಟಿಗಾಗಿ ಎರಡೂ ಗುಂಪಿನ ಪಟ್ಟಿಯಲ್ಲಿ ಜರ್ಮನ್ ಹೆಸರುಗಳು ಬಂದವು. ಅವರು ಗುಂಪು ನೋಡಲಿಲ್ಲ, ತಮ್ಮವರ ಹೆಸರು ನೋಡಿ ಹಾಕಿದರು. ಎರಡೂ ಕಡೆಯವರ ಲೆಕ್ಕಾಚಾರ ತಲೆಕೆಳಗಾಯಿತು."

ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ತೊಂಡೇಬಾವಿಯ ಕವಿತ ಕೈ ಎತ್ತಿದಳು. "ಮೇಡಂ, ಬೆಟ್ಟದ ಕಡೆ ಇರೋನಿಗೆ ಒಂದು ರಸ್ತೆ ಬೇಕು ಅಂದ್ರೆ ಆ ಎಂಟು ಜನದಲ್ಲಿ ಯಾರ ಮನೆಗೆ ಹೋಗ್ಬೇಕು?"

"ಎಂಟು ಜನದಲ್ಲಿ ಯಾರ ಮನೆಗೆ ಬೇಕಾದರೂ ಹೋಗಬಹುದು."

"ಹಂಗಾದ್ರೆ ಯಾರೂ ಬಾಗ್ಲು ತೆಗೆಯಲ್ಲ ಬಿಡಿ ಮೇಡಂ" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ತೂಕಡಿಸುತ್ತಿದ್ದವರೂ ನಕ್ಕರು.

ಸಂಜೆ ಬಸ್ಸಿನಲ್ಲಿ ಯಾಮಿನಿ ಇದನ್ನು ಇಫ್ರಾಳಿಗೆ ಹೇಳಿದಳು. ಇಫ್ರಾ ಅದೇ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವಳು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವವರ ಮನೆಯ ಮಗಳು. ದಿನವೂ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಶಿಡ್ಲಘಟ್ಟದವರೆಗೆ ಬರುತ್ತಿದ್ದರು. ಅಲ್ಲಿಂದ ಯಾಮಿನಿ ಜಂಗಮಕೋಟೆ ಕಡೆಯ ಬಸ್ಸು ಹಿಡಿಯಬೇಕು.

"ನಿಮ್ಮ ಮಾವ ಇಷ್ಟು ವರ್ಷದಿಂದ ಪೆನ್ಸಿಲ್ವೇನಿಯಾನೇ ನಡೆಸ್ತಿದ್ದಾರಲ್ಲ ಯಾಮಿನಿ" ಎಂದಳು ಇಫ್ರಾ. "ನೀವು ಅದನ್ನ ಬುಕ್ ನೋಡಿ ಪಾಠ ಮಾಡ್ತೀರ."

ಯಾಮಿನಿಗೆ ನಗು ಬಂತು. ಆದರೆ ಮಾತು ಸುಳ್ಳಾಗಿರಲಿಲ್ಲ.

ತಿಮ್ಮಸಾಗರದ ಹಾಲು ಉತ್ಪಾದಕರ ಸಂಘ ಎಂದರೆ ಅದು ಅವಳ ಮಾವ ವೆಂಕಟರಾಮಪ್ಪನವರು ಎಂದೇ ಸುತ್ತಲಿನವರ ಲೆಕ್ಕ. ಸಂಘ ಶುರುವಾದಾಗ ಹಾಲಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಜಂಗಮಕೋಟೆಯವರೆಗೆ ತುಳಿದವರು ಅವರು. ಈಗಲೂ ಕತ್ತಲು ಹರಿಯುವ ಮೊದಲು ಡೈರಿಯ ಬಾಗಿಲಲ್ಲಿ ಇರುತ್ತಿದ್ದರು. ಸಂಘಕ್ಕೆ ಹನ್ನೊಂದು ಜನ ನಿರ್ದೇಶಕರು. ಸದಸ್ಯರೆಲ್ಲರೂ ಸೇರಿ ಹನ್ನೊಂದು ಜನರನ್ನೂ ಆರಿಸಬೇಕು, ಒಬ್ಬೊಬ್ಬರಿಗೂ ಹನ್ನೊಂದು ಓಟು. ಸದಸ್ಯರಲ್ಲಿ ಮೂರರಲ್ಲೊಂದು ಪಾಲಿಗೆ ಸ್ವಲ್ಪ ಕಡಿಮೆ ಜನ ಕೆರೆಯ ಆಚೆ ದಡದ ಮೇಲಿನಪಾಳ್ಯದವರು. ಆದರೆ ಇಷ್ಟು ವರ್ಷದಲ್ಲಿ ಪಾಳ್ಯದ ಒಬ್ಬರೂ ನಿರ್ದೇಶಕರಾಗಿರಲಿಲ್ಲ. ಯಾರೂ ಅವರನ್ನು ತಡೆದಿರಲಿಲ್ಲ. ನಿಂತವರು ಸೋಲುತ್ತಿದ್ದರು, ಅಷ್ಟೇ.

ಯಾಮಿನಿ ಹುಟ್ಟಿದ್ದು ಪಾಳ್ಯದಲ್ಲಿ. ಮದುವೆಯಾಗಿ ಕೆರೆ ಏರಿ ದಾಟಿ ತಿಮ್ಮಸಾಗರಕ್ಕೆ ಬಂದವಳು. ಸಂಘಕ್ಕೆ ವಾರ್ಡು ಮಾಡಿ, ಪಾಳ್ಯಕ್ಕೆ ಅಂತ ಬೇರೆ ಸ್ಥಾನ ಇಡಿ ಎಂದು ಊಟದ ಹೊತ್ತಿನಲ್ಲಿ ಮಾವನ ಹತ್ತಿರ ಎಷ್ಟೋ ಸಲ ವಾದ ಮಾಡಿದ್ದಳು. ಅವರು ಕೋಪ ಮಾಡಿಕೊಳ್ಳುತ್ತಿರಲಿಲ್ಲ. "ಬೀದಿಗೊಬ್ಬ ಡೈರೆಕ್ಟರು ಅಂತ ಮಾಡಿದ್ರೆ ಅವನು ಅವನ ಬೀದೀನೇ ನೋಡ್ಕೊತಾನೆ ಕಣಮ್ಮ. ಸಂಘ ಅನ್ನೋದು ಒಂದು. ನಾನು ಪಾಳ್ಯದೋರ ಹಾಲನ್ನ ಬೇರೆ ಕ್ಯಾನಿಗೆ ಹಾಕಿಸಿದೀನಾ?" ಎನ್ನುತ್ತಿದ್ದರು.

ಅವಳು ಮನೆ ತಲುಪಿದಾಗ ಮಾವ ಜಗಲಿಯ ಮೇಲೆ ಕೂತಿದ್ದರು. ಅತ್ತೆ ಅಕ್ಕಯ್ಯಮ್ಮ ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ಒಳಗೆ ರೇಷ್ಮೆ ಹುಳುಮನೆಯಲ್ಲಿ ಯಾಮಿನಿಯ ಗಂಡ ಸುನೀಲ್‌ಕುಮಾರ್ ತಟ್ಟೆ ಬದಲಿಸುತ್ತಿದ್ದ ಸದ್ದು.

"ಯಾಮಿನಮ್ಮ, ಕೂತ್ಕೋ. ಒಂದು ಮಾತಿದೆ" ಎಂದರು ವೆಂಕಟರಾಮಪ್ಪ. "ಈ ಸಲ ಮೋಹನ್‌ಬಾಬು ಎದುರು ನಿಲ್ತಾನೆ. ಹನ್ನೊಂದು ಜನದ ಪಟ್ಟಿ ಕಟ್ಕೊಂಡು ಮನೆಮನೆ ಸುತ್ತಾ ಇದಾನೆ."

ಮೋಹನ್‌ಬಾಬು ಜಂಗಮಕೋಟೆಯಲ್ಲಿ ಪಶು ಆಹಾರದ ಅಂಗಡಿ ಇಟ್ಟಿದ್ದ ತಿಮ್ಮಸಾಗರದವನೇ. ಮೊನ್ನೆಯವರೆಗೂ ಮಾವನ ಹಿಂದೆಯೇ ಇದ್ದವನು.

"ಹಸು ನಿನ್ನ ಹೆಸರಲ್ಲಿವೆ, ನೀನೂ ಮೆಂಬರೇ. ನಮ್ಮ ಪಟ್ಟೀಲಿ ನೀನು ಬಾ. ಪಾಳ್ಯದೋರಿಗೆ ಅವರ ಮನೆಮಗಳು ಇದ್ದಂಗೂ ಆಗತ್ತೆ, ನಮ್ಮನೆಯೋಳು ಇದ್ದಂಗೂ ಆಗತ್ತೆ."

ಮಧ್ಯಾಹ್ನ ಬೋರ್ಡಿನ ಮೇಲೆ ಬರೆದಿದ್ದ ಆಯತ ಯಾಮಿನಿಯ ಕಣ್ಣಮುಂದೆ ಬಂತು. ನಾನು ಪಟ್ಟಿಯಲ್ಲಿರುವ ಜರ್ಮನ್ ಹೆಸರು ಎಂದುಕೊಂಡಳು. ಆದರೂ ಬೇಡ ಎನ್ನಲಿಲ್ಲ. ಒಳಗೆ ಹೋದರೆ ಪಾಳ್ಯಕ್ಕೆ ಏನಾದರೂ ಮಾಡಿಸಬಹುದು ಅನ್ನಿಸಿತು. ಗೆಲ್ಲುವ ಆಸೆಯೂ ಸ್ವಲ್ಪ ಇತ್ತು.

ಭಾನುವಾರ ಅವಳು ಕೆರೆ ಏರಿಯ ಮೇಲೆ ನಡೆದು ಪಾಳ್ಯಕ್ಕೆ ಹೋದಳು. ಪಾಳ್ಯದ ಹೆಂಗಸರು ದಿನಕ್ಕೆರಡು ಹೊತ್ತು ಹಾಲು ಹೊತ್ತುಕೊಂಡು ಬರುವ ದಾರಿ ಅದೇ. ಡಾಂಬರು ರಸ್ತೆ ಬಳಸಿಕೊಂಡು ಬಂದರೆ ಮೂರು ಪಟ್ಟು ದೂರ. ಬೇಸಿಗೆಯಲ್ಲಿ ದಡ ಮುಟ್ಟುವಷ್ಟರಲ್ಲಿ ಹಾಲು ಕೆಡುತ್ತಿತ್ತು, ಮಳೆಗಾಲದಲ್ಲಿ ಏರಿ ಜಾರುತ್ತಿತ್ತು. ಪಾಳ್ಯದಲ್ಲೇ ಹಾಲು ಅಳೆದುಕೊಳ್ಳುವ ಒಂದು ಸಣ್ಣ ಕೇಂದ್ರ ಮಾಡಿ ಎಂದು ಅವರು ಪ್ರತಿ ವರ್ಷದ ಸಭೆಯಲ್ಲೂ ಕೇಳುತ್ತಿದ್ದರು. ನಿರ್ದೇಶಕರು ಆಗಲಿ ನೋಡೋಣ ಎನ್ನುತ್ತಿದ್ದರು. ಹನ್ನೊಂದು ಜನಕ್ಕೂ ಅದು ಬೇಕಾದ ಕೆಲಸವೇ, ಆದರೆ ಹನ್ನೊಂದು ಜನದಲ್ಲಿ ಯಾರೊಬ್ಬರ ಮನೆಯ ಕೆಲಸವೂ ಆಗಿರಲಿಲ್ಲ.

ತವರುಮನೆಯಲ್ಲಿ ಅಣ್ಣ ನರಸಿಂಹಪ್ಪ ಕಾಫಿ ಕೊಡಿಸಿದ. ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಗಂಗುಲಮ್ಮ ಬಂದಳು. ತಾಯಿ ಹೋದ ಮೇಲೆ ಯಾಮಿನಿಯನ್ನು ಓದಿಸಿ, ಮದುವೆ ಮಾಡಿ ಕಳಿಸಿದವಳು ಅವಳೇ. ಹೋದ ಮಳೆಗಾಲದಲ್ಲಿ ಕ್ಯಾನಿನ ಸಮೇತ ಏರಿಯಿಂದ ಜಾರಿಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಕಟ್ಟು ಬಿಚ್ಚಿದ ಮೇಲೂ ಕೈ ನೆಟ್ಟಗಾಗಿರಲಿಲ್ಲ.

"ಏಮ್ಮಾ, ಓಟು ಕೇಳಕ್ಕೆ ಬಂದ್ಯಾ?" ಎಂದಳು ಗಂಗುಲಮ್ಮ.

"ನಿಮ್ಮ ಹತ್ರಾನೂ ಕೇಳ್ಬೇಕಾ ಚಿಕ್ಕಮ್ಮ?"

"ಕೇಳ್ಬೇಕಮ್ಮ. ನಾನೂ ನಿಂತಿದೀನಿ. ನಿನ್ನೆ ತಾನೇ ಅರ್ಜಿ ಹಾಕ್ದೆ."

ಯಾಮಿನಿ ಅಣ್ಣನ ಮುಖ ನೋಡಿದಳು. ನರಸಿಂಹಪ್ಪ ಲೋಟದ ಕಡೆ ನೋಡುತ್ತ ಹೇಳಿದ. "ನೀನು ನಮ್ಮೋಳೇ, ಇಲ್ಲ ಅನ್ನಲ್ಲ. ಆದ್ರೆ ಸಭೇಲಿ ನಿಮ್ಮ ಮಾವ ಒಂದು ಮಾತು ಅಂದ್ರೆ ನೀನು ಅವರ ಎದುರಿಗೆ ಕೂತ್ಕೊಂಡು ಇಲ್ಲ ಅಂತೀಯಾ? ಅನ್ನಬಾರ್ದು ಕೂಡ. ಮನೆ ಅಂದ್ಮೇಲೆ."

ಅವಳಿಗೆ ನೋವಾಯಿತು. ಊಟದ ಹೊತ್ತಿನಲ್ಲಿ ಮಾಡುವ ವಾದ ಬೇರೆ, ಹತ್ತು ಜನರ ಮುಂದೆ ಕೈ ಎತ್ತುವುದು ಬೇರೆ.

ಗಂಗುಲಮ್ಮ ಹತ್ತಿರ ಬಂದು ಕೂತಳು. "ಅದು ಹೋಗ್ಲಿ ಬಿಡು. ನೀನು ಇದನ್ನೇ ಓದಿದೋಳು, ಇದನ್ನೇ ಹೇಳ್ಕೊಡೋಳು. ನಂಗೊಂದು ಹೇಳು. ಪಾಳ್ಯದೋರು ಒಂದೊಂದು ಓಟು ನಂಗೆ ಹಾಕ್ತಾರೆ. ಮಿಕ್ಕಿದ್ದು ಹತ್ತು ಇರತ್ತಲ್ಲ, ಅದನ್ನ ಏನ್ ಮಾಡೋದು? ಪ್ರತೀ ಸಲ ಹನ್ನೊಂದೂ ತುಂಬಿಸ್ತಿದ್ವಿ. ಓಟು ದಂಡ ಆಗ್ಬಾರ್ದು ಅಂತ ನಿಮ್ಮ ಮಾವನ ಕಡೆಯೋರಿಗೆ ಹಾಕ್ತಿದ್ವಿ."

ಹಿತ್ತಲಲ್ಲಿ ಕರು ಒಂದೇ ಸಮ ಕೂಗುತ್ತಿತ್ತು. ಯಾಮಿನಿ ಗೊತ್ತಿಲ್ಲ ಚಿಕ್ಕಮ್ಮ ಎಂದು ಎದ್ದು ಬರಬಹುದಿತ್ತು. ಇಲ್ಲವೇ ನನಗೂ ಹಾಕಿ, ಮಾವನಿಗೂ ಹಾಕಿ ಎಂದು ನಗಬಹುದಿತ್ತು. ಆದರೆ ಕೇಳಿದವಳು ಚಿಕ್ಕಮ್ಮ. ಕೇಳಿದ್ದು ಉತ್ತರ ಗೊತ್ತಿರುವ ಪ್ರಶ್ನೆ.

"ಮಿಕ್ಕ ಹತ್ತು ಹಾಕ್ಬೇಡಿ" ಎಂದಳು. "ನಿಮಗೆ ಒತ್ತಿ, ಚೀಟಿ ಮಡಚಿ ಹಾಕಿಬಿಡಿ. ನೀವು ಇನ್ನೊಬ್ಬರಿಗೆ ಕೊಡೋ ಒಂದೊಂದು ಓಟೂ ನಿಮ್ಮನ್ನ ಕೆಳಗೆ ತಳ್ಳತ್ತೆ. ತಿಮ್ಮಸಾಗರ ಈಗ ಎರಡಾಗಿದೆ. ಅವರು ಅರ್ಧ ಅರ್ಧ ಆದ್ರೆ ನೀವು ಒಬ್ಬರು ಮೇಲೆ ಬರಬಹುದು."

"ನಿಂಗೂ ಹಾಕ್ಬಾರ್ದಾ?"

"ನಂಗೂ ಹಾಕ್ಬಾರ್ದು."

ಗಂಗುಲಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ಹಿಡಿ ಹಸಿ ಕಡಲೇಕಾಯಿ ತಂದು ಅವಳ ಸೆರಗಿಗೆ ಹಾಕಿದಳು. ಚುನಾವಣೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಹಿಂತಿರುಗುವಾಗ ಏರಿಯ ಮೇಲೆ ಯಾಮಿನಿಯ ಕಾಲು ನಿಧಾನವಾಯಿತು. ಪಾಳ್ಯದ ಓಟಿಲ್ಲದೆ ಮಾವನ ಪಟ್ಟಿಗೆ ಏಟು ಬೀಳುತ್ತದೆಂಬುದು ಗೊತ್ತಿತ್ತು. ಮಾವನೇ ಸೋಲಬಹುದು. ಈ ಮಾತು ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳುವ ಮೊದಲು ತಾನೇ ಹೇಳಬೇಕು ಎಂದು ನಿರ್ಧರಿಸಿದಳು.

ವೆಂಕಟರಾಮಪ್ಪ ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದರು. ಅವಳು ಕಂಬಕ್ಕೆ ಒರಗಿ ನಿಂತು ನಡೆದದ್ದನ್ನು ಬಿಡಿಸಿ ಹೇಳಿದಳು. ಅವರು ಪೈಪು ಕೆಳಗಿಟ್ಟರು. ನೀರು ಹಾಗೇ ಹರಿಯುತ್ತಿತ್ತು.

"ನಂಗೆ ಹಾಕ್ಬೇಡಿ ಅಂತ ಹೇಳಿಬಂದ್ಯಾ?"

"ಯಾರಿಗೂ ಹಾಕ್ಬೇಡಿ ಅಂದೆ ಮಾವ. ನಂಗೂ ಹಾಕ್ಬೇಡಿ ಅಂದೆ. ಅವರು ಕೇಳಿದ್ರು. ಗೊತ್ತಿದ್ದೂ ಸುಳ್ಳು ಹೇಳಕ್ಕೆ ಆಗ್ಲಿಲ್ಲ."

"ಸುಳ್ಳು ಹೇಳು ಅಂತ ನಾನೂ ಹೇಳ್ತಿರ್ಲಿಲ್ಲ" ಎಂದರು. ಆಮೇಲೆ, "ಸುಮ್ನಿರಬಹುದಾಗಿತ್ತು" ಎಂದರು.

ಅಷ್ಟೇ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವರು ನಲ್ಲಿ ನಿಲ್ಲಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಅವಳ ಹೆಸರು ತೆಗೆದು ಬೇರೆಯವರನ್ನು ಪಟ್ಟಿಗೆ ಹಾಕಲು ಅರ್ಜಿಯ ಗಡುವು ಹಿಂದಿನ ದಿನವೇ ಮುಗಿದಿತ್ತು. ಮುಗಿಯದಿದ್ದರೂ ಅವರು ತೆಗೆಯುತ್ತಿದ್ದರೋ ಇಲ್ಲವೋ, ಅವಳಿಗೆ ಯಾವತ್ತೂ ಗೊತ್ತಾಗಲಿಲ್ಲ.

ಮತದಾನ ಊರಿನ ಶಾಲೆಯಲ್ಲಿ ನಡೆಯಿತು. ಪಾಳ್ಯದ ಹೆಂಗಸರು ಹಾಲು ಹಾಕಿ ಮನೆಗೆ ಹೋಗದೆ ಅಲ್ಲೇ ಸಾಲು ನಿಂತರು. ಒಬ್ಬೊಬ್ಬರೂ ಒಳಗೆ ಹೋದಷ್ಟೇ ಬೇಗ ಹೊರಗೆ ಬರುತ್ತಿದ್ದುದನ್ನು ನೋಡಿ ಮೋಹನ್‌ಬಾಬುವಿನ ಮುಖ ಕಪ್ಪಿಟ್ಟಿತು. ಹನ್ನೊಂದು ಕಡೆ ಮುದ್ರೆ ಒತ್ತಲು ಅಷ್ಟು ಕಡಿಮೆ ಹೊತ್ತು ಸಾಲದು. ಅವನಿಗೂ ಅದು ಅರ್ಥವಾಯಿತು.

ಸಂಜೆ ಎಣಿಕೆ ಮುಗಿದಾಗ ಗಂಗುಲಮ್ಮ ಎಲ್ಲರಿಗಿಂತ ಮೇಲಿದ್ದಳು. ಪಾಳ್ಯದ ಓಟುಗಳಷ್ಟೇ ಆಗಿದ್ದರೆ ಅವಳು ಅಂಚಿನಲ್ಲಿ ಗೆಲ್ಲಬೇಕಿತ್ತು, ಇಲ್ಲವೇ ಸೋಲಬೇಕಿತ್ತು. ತಿಮ್ಮಸಾಗರದಿಂದಲೂ ಅವಳಿಗೆ ಓಟು ಬಿದ್ದಿತ್ತು. ಮಾವನ ಪಟ್ಟಿಯಲ್ಲಿ ಐವರು, ಮೋಹನ್‌ಬಾಬುವಿನ ಪಟ್ಟಿಯಲ್ಲಿ ಐವರು ಗೆದ್ದರು. ವೆಂಕಟರಾಮಪ್ಪ ಕೊನೆಯ ಸ್ಥಾನದಲ್ಲಿ ಉಳಿದುಕೊಂಡರು. ಯಾಮಿನಿ ಸೋತಳು. ಪಾಳ್ಯಕ್ಕೆ ಅವಳು ಹೇಳಿದ ಮಾತು ಹೇಗೋ ಊರೊಳಗೆ ಹಬ್ಬಿ, ಮಾವನ ಕಡೆಯವರೇ ಅವಳ ಹೆಸರು ಬಿಟ್ಟು ಮಿಕ್ಕವರಿಗೆ ಒತ್ತಿದ್ದರು.

ಮನೆಯಲ್ಲಿ ಮುದ್ದೆ ತಿರುವುತ್ತ ಅತ್ತೆ ಅಕ್ಕಯ್ಯಮ್ಮ ಸಣ್ಣ ದನಿಯಲ್ಲಿ, "ನಾನೂ ಗಂಗುಲಮ್ಮಂಗೆ ಒತ್ತಿದೆ ಕಣೇ" ಎಂದರು.

ಯಾಮಿನಿ ತಿರುಗಿ ನೋಡಿದಳು.

"ನಿಮ್ಮ ಮಾವನಿಗೂ ಒತ್ತಿದೆ, ನಿಂಗೂ ಒತ್ತಿದೆ. ಇನ್ನೂ ಓಟು ಮಿಕ್ಕಿತ್ತಲ್ಲ. ಆವುಲಪ್ಪನ ಹೆಂಡ್ತಿ, ಮೇಲಿನ ಬೀದಿ ವೆಂಕಟರತ್ನಮ್ಮ, ಎಲ್ಲಾ ಒತ್ತಿದಾರೆ. ಆ ಕೈ ಮುರ್ಕೊಂಡು ಹಾಲು ತರ್ತಿದ್ಲಲ್ಲ, ಅದನ್ನ ನಾವು ದಿನಾ ನೋಡಿಲ್ವಾ? ಡೈರೀಲಿ ನಮ್ಮ ಹೆಂಗಸ್ರ ಪಾಡು ಅವಳಿಗೆ ಗೊತ್ತು. ನಿಮ್ಮ ಮಾವನಿಗೆ ಹೇಳ್ಬೇಡ."

ಅಧ್ಯಕ್ಷರನ್ನು ಆರಿಸುವುದು ನಿರ್ದೇಶಕರು. ಐದು ಐದಾಗಿ ನಿಂತ ಮೇಲೆ ಗಂಗುಲಮ್ಮನ ಕೈ ಯಾವ ಕಡೆ ಏಳುತ್ತದೋ ಆ ಕಡೆ ಅಧ್ಯಕ್ಷಗಿರಿ. ಆ ವಾರ ಮೇಲಿನಪಾಳ್ಯಕ್ಕೆ ಬಂದಷ್ಟು ಮೋಟಾರು ಬೈಕುಗಳು ಹಿಂದೆಂದೂ ಬಂದಿರಲಿಲ್ಲ. ಮೋಹನ್‌ಬಾಬು ಎರಡು ಸಲ ಬಂದ. ಕೊನೆಗೆ ವೆಂಕಟರಾಮಪ್ಪನವರೂ ಬಂದರು. ಗಂಗುಲಮ್ಮನ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ನೇರವಾಗಿ ಕೇಳಿದರು.

"ಏನು ಬೇಕು ಹೇಳಮ್ಮ."

"ನಿಮಗೆ ಗೊತ್ತಿರೋದೇ ಅಣ್ಣ. ಹಾಲು ಇಲ್ಲೇ ಅಳೀಬೇಕು. ಗಾಡಿ ಇಲ್ಲಿಗೇ ಬರ್ಬೇಕು."

"ಮೋಹನ್‌ಬಾಬು ಮಾಡ್ಕೊಡ್ತೀನಿ ಅನ್ಲಿಲ್ವಾ?"

"ಅಂದ. ನೀವು ಅಂದ್ರೆ ಮಾಡ್ತೀರ ಅಂತ ನಂಗೊಂದು ನಂಬಿಕೆ. ಇಷ್ಟು ವರ್ಷ ನೀವು ಅಂದೇ ಇರ್ಲಿಲ್ಲ, ಅಷ್ಟೇ."

ವೆಂಕಟರಾಮಪ್ಪ ಅಧ್ಯಕ್ಷರಾದರು. ಮಾವಿನ ಕಾಯಿ ಹಣ್ಣಾಗುವಷ್ಟರಲ್ಲಿ ಪಾಳ್ಯದ ಹಳೇ ಪಡಸಾಲೆಯಲ್ಲಿ ಹಾಲು ತೂಗುವ ಕಾಂಟಾ ಬಂತು, ಫ್ಯಾಟ್ ನೋಡುವ ಯಂತ್ರ ಬಂತು. ಬೆಳಿಗ್ಗೆ ಸಂಜೆ ಗಾಡಿ ಬಂದು ಕ್ಯಾನು ತುಂಬಿಕೊಂಡು ಹೋಗತೊಡಗಿತು. ಏರಿಯ ದಾರಿಯಲ್ಲಿ ಹುಲ್ಲು ಬೆಳೆಯಿತು. ಮತ್ತೊಂದು ಸಂಗತಿಯೂ ಕಂಡುಬಂತು. ತಿಮ್ಮಸಾಗರದ ಹೆಂಗಸರು ತಮ್ಮ ದೂರುಗಳನ್ನು ತೆಗೆದುಕೊಂಡು ಕೆರೆ ದಾಟಿ ಗಂಗುಲಮ್ಮನ ಮನೆಗೆ ಹೋಗಲು ಶುರುಮಾಡಿದ್ದರು. ಹಾಲಿಗೆ ನೀರು ಹಾಕಿದ್ದೀರಿ ಎಂದು ಸೆಕ್ರೆಟರಿ ಎಲ್ಲರ ಮುಂದೆ ಅವಮಾನ ಮಾಡಿದನೆಂದು ವೆಂಕಟರತ್ನಮ್ಮ ಅಳುತ್ತ ಹೋಗಿದ್ದು ಅಲ್ಲಿಗೇ. ಮುಂದಿನ ಸಭೆಯಲ್ಲಿ ಗಂಗುಲಮ್ಮ ಆ ಮಾತೆತ್ತಿ, ಅಂಥದ್ದೇನಿದ್ದರೂ ಪಕ್ಕಕ್ಕೆ ಕರೆದು ಹೇಳಬೇಕೆಂದು ತೀರ್ಮಾನ ಮಾಡಿಸಿದಳು.

ವೆಂಕಟರಾಮಪ್ಪನವರಿಗೆ ಮಾತ್ರ ಪ್ರತಿ ಸಭೆಯೂ ಕಷ್ಟವಾಗುತ್ತಿತ್ತು. ಯಾವ ವಿಷಯ ಬಂದರೂ ಐದು ಐದು. ಎಲ್ಲರೂ ಗಂಗುಲಮ್ಮನ ಮುಖ ನೋಡಬೇಕು. ಒಂದು ದಿನ ರಾಗಿ ಹೊಲದ ಬದುವಿನ ಮೇಲೆ ಯಾಮಿನಿಯ ಜೊತೆ ನಡೆಯುತ್ತಿದ್ದಾಗ ಅವರೇ ಮಾತು ತೆಗೆದರು. ಕೊಟ್ಟಿಗೆಯ ಆ ಮಾತಾದ ಮೇಲೆ ಇಬ್ಬರೂ ಸಂಘದ ವಿಚಾರ ಆಡಿರಲಿಲ್ಲ.

"ನೀನು ಹೇಳ್ತಿದ್ದೆಯಲ್ಲ, ವಾರ್ಡು ಅಂತ. ಮಾಡಿಬಿಡಣ ಅಂತಿದೀನಿ. ಪಾಳ್ಯಕ್ಕೆ ಅದರದೇ ಸ್ಥಾನ. ಅವರು ಅವರೋರನ್ನ ಆರಿಸ್ಕೊಳ್ಳಿ, ನಾವು ನಮ್ಮೋರನ್ನ. ಮೋಹನ್‌ಬಾಬು ಹತ್ರಾನೂ ಮಾತಾಡಿದೀನಿ. ಒಪ್ಪಿದಾನೆ."

ಇಷ್ಟು ವರ್ಷ ಕೇಳಿದ್ದು ಕೈಗೆ ಬಂದಿತ್ತು. ಆದರೂ ಯಾಮಿನಿಗೆ ಸಂತೋಷವಾಗಲಿಲ್ಲ. "ಮೋಹನ್‌ಬಾಬು ಯಾಕೆ ಒಪ್ಪಿದ ಮಾವ?"

ಅವರು ಮುಚ್ಚಿಡಲಿಲ್ಲ. "ಅವನಿಗೂ ಸಾಕಾಗಿದೆ. ನಾವು ಅವರ ಬಾಗಿಲಿಗೆ ಹೋಗೋ ಹಂಗಿಲ್ಲ, ಅವರು ನಮ್ಮ ತಕ್ಕಡಿ ಹಿಡಿಯೋ ಹಂಗಿಲ್ಲ. ಅವರ ಪಾಡಿಗೆ ಅವರು. ನೀನೇ ಹೇಳಿದ್ದಲ್ವೇನಮ್ಮ?"

ಹೌದು, ಅವಳೇ ಹೇಳಿದ್ದಳು. ಮಾರನೆಯ ದಿನ ಬಸ್ಸಿನಲ್ಲಿ ಇಫ್ರಾಳ ಮುಂದೆ ತೋಡಿಕೊಂಡಳು. "ವಾರ್ಡು ಆದ್ರೆ ಪಾಳ್ಯಕ್ಕೆ ಸ್ಥಾನ ಸಿಗೋದು ಗ್ಯಾರಂಟಿ. ಆದ್ರೆ ಮಿಕ್ಕ ಡೈರೆಕ್ಟರುಗಳು ಪಾಳ್ಯಕ್ಕೆ ಕಾಲಿಡಬೇಕಾದ ಅಗತ್ಯನೇ ಇರಲ್ಲ. ನಮ್ಮತ್ತೆ ಗಂಗುಲಮ್ಮಂಗೆ ಓಟು ಹಾಕಿದಾರೆ ಗೊತ್ತಾ? ಇನ್ನು ಹಾಕಕ್ಕೆ ಆಗಲ್ಲ."

ಇಫ್ರಾ ಕಿಟಕಿಯ ಗಾಜು ಸರಿಸಿದಳು. "ನಿಮ್ಮ ಪೆನ್ಸಿಲ್ವೇನಿಯಾದವರು ಆಮೇಲೆ ಏನ್ ಮಾಡಿದ್ರು?"

"ಎರಡನೇ ಚುನಾವಣೆಗೆ ಕ್ಷೇತ್ರ ಮಾಡಿದ್ರು. ಮೂರನೇದಕ್ಕೆ ಮತ್ತೆ ಇಡೀ ರಾಜ್ಯ ಒಂದು ಮಾಡಿದ್ರು. ನಾಲ್ಕನೇದಕ್ಕೆ ತಿರುಗಿ ಕ್ಷೇತ್ರ."

"ಅರೆ, ಅವರಿಗೇ ಗೊತ್ತಾಗಿಲ್ಲ. ನಿಮಗೆ ಹೇಗೆ ಗೊತ್ತಾಗತ್ತೆ?" ಎಂದು ಇಫ್ರಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿಮಗೆ ಅನ್ನಿಸಿದ್ದನ್ನ ಪಾಳ್ಯದವರಿಗೆ ಹೇಳಿ. ತೀರ್ಮಾನ ಅವರು ಮಾಡ್ಕೊಳ್ತಾರೆ" ಎಂದಳು.

ಯಾಮಿನಿ ಹಾಗೇ ಮಾಡಿದಳು. ಸರ್ವಸದಸ್ಯರ ಸಭೆಗೆ ಮುಂಚಿನ ಭಾನುವಾರ ಪಾಳ್ಯದ ಪಡಸಾಲೆಯಲ್ಲಿ ಜನ ಸೇರಿದ್ದರು. ಅವಳು ಎರಡೂ ಕಡೆಯ ಮಾತನ್ನು ಹೇಳಿ ಕೊನೆಗೆ, "ನಂಗೆ ಕೇಳಿದ್ರೆ ಈಗಿರೋದೇ ಇರ್ಲಿ ಅನ್ಸತ್ತೆ. ಈಗ ಹನ್ನೊಂದು ಜನಕ್ಕೂ ನಿಮ್ಮ ಓಟು ಬೇಕು. ವಾರ್ಡು ಆದ್ರೆ ನಿಮ್ಮೋರನ್ನ ಬಿಟ್ರೆ ಮಿಕ್ಕ ಯಾರಿಗೂ ಬೇಕಾಗಲ್ಲ" ಎಂದಳು.

"ಇಷ್ಟು ದಿನ ವಾರ್ಡು ವಾರ್ಡು ಅಂತ ನೀನೇ ಕುಣೀತಿದ್ದೆ" ಎಂದ ನರಸಿಂಹಪ್ಪ.

"ಹೌದಣ್ಣ. ಈಗ ಬೇರೆ ಥರ ಕಾಣ್ತಿದೆ."

ಜನ ಗುಜುಗುಜು ಮಾಡಿದರು. ಗಂಗುಲಮ್ಮ ವಕ್ರವಾದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಒತ್ತಿಕೊಳ್ಳುತ್ತ ಎಲ್ಲರ ಮಾತು ಕೇಳಿದಳು. ಆಮೇಲೆ ಹೇಳಿದಳು. "ನೀನು ಹೇಳೋದು ಸುಳ್ಳಲ್ಲಮ್ಮ. ಆ ಕಡೆ ಹೆಂಗಸ್ರು ನನ್ನ ಹುಡುಕ್ಕೊಂಡು ಬಂದ್ರೆ ನಂಗೂ ಏನೋ ಒಂಥರಾ ಖುಷಿ. ಅದು ಹೋಗತ್ತೆ. ಆದ್ರೆ ನಾನು ಗೆದ್ದಿದ್ದು ಯಾಕೆ? ಅವರಿಬ್ಬರೂ ಜಗಳ ಆಡಿದ್ರು ಅಂತ. ನಾಳೆ ರಾಜಿ ಆದ್ರೆ? ಆಗ್ಲೇ ಆಗಿದಾರೆ, ನೀನೇ ಹೇಳ್ದೆ. ಒಂದೇ ಪಟ್ಟಿ ಕಟ್ಟಿದ್ರೆ ನಾವು ಮತ್ತೆ ಹೊರಗೆ. ಆವಾಗ ಈ ಕಾಂಟಾನ ಎತ್ಕೊಂಡು ಹೋದ್ರೆ ಯಾರನ್ನ ಕೇಳಣ?"

"ಮಾವ ಎತ್ಕೊಂಡು ಹೋಗಲ್ಲ ಚಿಕ್ಕಮ್ಮ."

"ಅಣ್ಣ ಹೋಗಲ್ಲ. ಅಣ್ಣನ ನಂತರ ಬರೋನು?"

ಚಿಕ್ಕಮ್ಮನ ಭಯ ಯಾಮಿನಿಗೆ ಅರ್ಥವಾಯಿತು. ತನ್ನ ಭಯವೂ ನಿಜ ಅನ್ನಿಸಿತು. ಒಂದನ್ನು ಇಟ್ಟುಕೊಂಡರೆ ಇನ್ನೊಂದು ಕೈಬಿಡುತ್ತದೆ. ಬಿಡುವುದು ಯಾವುದನ್ನು ಎಂದು ಹೇಳಬೇಕಾದವರು ಹಾಲು ಕರೆದು, ಹೊತ್ತು, ಜಾರಿಬಿದ್ದವರು.

"ವಾರ್ಡೇ ಇರ್ಲಿ. ಆದ್ರೆ ನಿಮ್ಮ ಮಾವ ಎರಡು ಸ್ಥಾನ ಅಂತಿದಾರೆ. ನಮ್ಮ ಜನಕ್ಕೆ ಮೂರು ಬರ್ಬೇಕು. ಮೂರು ಆಗೋವರೆಗೂ ಬಿಡಲ್ಲ" ಎಂದು ಗಂಗುಲಮ್ಮ ಎದ್ದಳು.

ಸಭೆಯ ದಿನ ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಎರಡೋ ಮೂರೋ ಎಂಬ ಒಂದೇ ಮಾತಿಗೆ ಮಧ್ಯಾಹ್ನದವರೆಗೆ ಕೂಗಾಟವಾಯಿತು. ಪಾಳ್ಯದವರಿಲ್ಲದೆ ಸಂಘದ ನಿಯಮದ ತಿದ್ದುಪಡಿಗೆ ಬೇಕಾದಷ್ಟು ಕೈಗಳು ಏಳುತ್ತಿರಲಿಲ್ಲ. ಕೊನೆಗೆ ವೆಂಕಟರಾಮಪ್ಪನವರು ಮೈಕಿನ ಮುಂದೆ ಬಂದು, "ಮೂರು. ಆಯ್ತಾ? ಈಗಲಾದ್ರೂ ಊಟಕ್ಕೆ ಏಳಣ" ಎಂದರು. ಕೈಗಳು ಎದ್ದವು. ಹೆಂಗಸರ ಸಾಲಿನಲ್ಲಿ ಅಕ್ಕಯ್ಯಮ್ಮನವರ ಕೈ ಏಳಲಿಲ್ಲ. ಪಕ್ಕದಲ್ಲಿದ್ದ ವೆಂಕಟರತ್ನಮ್ಮನ ಕೈಯೂ ಏಳಲಿಲ್ಲ. ಯಾಮಿನಿ ತನ್ನ ಕೈಯನ್ನು ಎತ್ತಲೋ ಬೇಡವೋ ಎಂದು ಒಂದು ಗಳಿಗೆ ತಡೆದಳು. ಎದುರಿನ ಸಾಲಿನಲ್ಲಿ ಗಂಗುಲಮ್ಮ ನೆಟ್ಟಗಾಗದ ಆ ಬಲಗೈಯನ್ನೇ ಎತ್ತಿ ಹಿಡಿದಿದ್ದಳು. ಯಾಮಿನಿಯೂ ಎತ್ತಿದಳು.

ಮುಂದಿನ ಚುನಾವಣೆಯಲ್ಲಿ ಪಾಳ್ಯದಿಂದ ಗಂಗುಲಮ್ಮ, ನರಸಿಂಹಪ್ಪ, ಇನ್ನೊಬ್ಬಳು ಎಳೆಯ ಹೆಂಗಸು ಜಗಳವಿಲ್ಲದೆ ಆರಿಸಿಬಂದರು. ತಿಮ್ಮಸಾಗರದಲ್ಲಿ ವೆಂಕಟರಾಮಪ್ಪ ನಿಲ್ಲಲಿಲ್ಲ. ಸಾಕು ಎಂದರು. ಮೋಹನ್‌ಬಾಬು ಅಧ್ಯಕ್ಷನಾದ. ಪಾಳ್ಯದ ಕಾಂಟಾ ಅಲ್ಲೇ ಉಳಿಯಿತು.

ಅದಾಗಿ ಸ್ವಲ್ಪ ದಿನಕ್ಕೆ ಯಾಮಿನಿ ಸ್ಕೂಟರಿನಲ್ಲಿ ಮಾವನನ್ನು ಕೂರಿಸಿಕೊಂಡು ಶಿಡ್ಲಘಟ್ಟದ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹಿಂತಿರುಗುತ್ತಿದ್ದಳು. ಪಾಳ್ಯದ ತಿರುವಿನಲ್ಲಿ ಅವರು ಅವಳ ಭುಜ ತಟ್ಟಿದರು.

"ನಿಲ್ಲಿಸು. ಇಲ್ಲಿಗೆ ಬಂದು ಬಹಳ ದಿನ ಆಯ್ತು."

ಸಂಜೆಯ ಹಾಲಿನ ಹೊತ್ತು. ಪಡಸಾಲೆಯ ಮುಂದೆ ಹೆಂಗಸರು ಕ್ಯಾನು ಹಿಡಿದು ಸಾಲು ನಿಂತಿದ್ದರು. ವೆಂಕಟರಾಮಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಂಟಾದ ಪಕ್ಕ ನಿಂತರು. ಯಾವ ಹಸು, ಎಷ್ಟನೇ ಸೂಲು, ಕರು ಹೆಣ್ಣಾ ಗಂಡಾ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಯಾರೋ ಓಡಿಹೋಗಿ ಕುರ್ಚಿ ತಂದು ಹಾಕಿದರು. ಇನ್ನೊಬ್ಬಳು ಕಾಫಿಗೆ ಹಾಲು ತೆಗೆದಿಟ್ಟಳು. ಹೆಂಗಸರು ಅವರ ಪ್ರಶ್ನೆಗಳಿಗೆಲ್ಲ ಸೆರಗು ಸರಿಮಾಡಿಕೊಂಡು, ನಗುನಗುತ್ತ, ಬೇರೆ ಊರಿನಿಂದ ಬಂದ ನೆಂಟರಿಗೆ ಹೇಳುವ ಹಾಗೆ ಉತ್ತರ ಕೊಟ್ಟರು.